ಪುಟ ತುಂಬಿಸಲು ಬರೆದದ್ದೇ ಉಳಿದಿದೆಯಾ? ಹಳೇ ಜೆರಾಕ್ಸ್ ಕಾಮಿಕ್ಸ್ ಡಬ್ಬ ತೆರೆದ ಮೇಲೆ

#1 · ಮಸಿಕೈ

ಮೊನ್ನೆ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದೆ. ಒಳಗೆ ನನ್ನದೇ ಹಳೇ ಕಾಮಿಕ್ಸ್. ಇಪ್ಪತ್ತೇಳು ವರ್ಷದ ಹಿಂದೆ ನಾನೇ ಬರೆದು, ನಾನೇ ಜೆರಾಕ್ಸ್ ಮಾಡಿಸಿ, ನಾನೇ ಮಡಚಿ, ನಾನೇ ಪಿನ್ ಹೊಡೆದು ಹಂಚಿದವು. ಒಟ್ಟು 9 ಸಂಚಿಕೆ. ಒಂದೊಂದೂ ಎ5 ಅಳತೆ, 16 ಪುಟ, 60 ಪ್ರತಿ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. 1ನೇ ಸಂಚಿಕೆಯನ್ನು ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ. ಮುಖಪುಟದ ಕಪ್ಪೆಲ್ಲ ಕವರಿಗೆ ಅಂಟಿಕೊಂಡಿದೆ. ಎಳೆದರೆ ಚರ್ರನೆ ಸದ್ದಾಯಿತು, ನಾಯಕನ ಅರ್ಧ ಮುಖ ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಸುಮ್ನೆ ಡಬ್ಬದೊಳಗೆ ಎಸೆದಿದ್ದ ಸಂಚಿಕೆಗಳೇ ಚೆನ್ನಾಗಿವೆ. ಪಿನ್ ತುಕ್ಕು ಹಿಡಿದಿದೆ, ಕಾಗದದ ಅಂಚು ಹಳದಿಯಾಗಿದೆ, ಅಷ್ಟೇ.

ನಾಯಕನ ಬಗ್ಗೆ ಒಂದು ಮಾತು. ಉದ್ದ ಕೋಟು ಹಾಕಿದ ಪತ್ತೇದಾರ. ಆಗ ಅವನಷ್ಟು ಗಂಭೀರ ಮನುಷ್ಯ ಇನ್ನೊಬ್ಬನಿಲ್ಲ ಅಂದುಕೊಂಡಿದ್ದೆ. ಈಗ ಒಂಬತ್ತೂ ಸಂಚಿಕೆ ಒಟ್ಟಿಗೆ ಓದಿದಾಗ ಗೊತ್ತಾಯಿತು, ಅವನ ಕೈ ಯಾವಾಗಲೂ ಕೋಟಿನ ಜೇಬಿನಲ್ಲೇ ಇದೆ. ನಾನು ಎಣಿಸಿದೆ. ಒಂಬತ್ತು ಸಂಚಿಕೆಯಲ್ಲಿ ಅವನ ಬೆರಳು ಕಾಣುವುದು ನಾಲ್ಕೇ ಸಲ. ಅದರಲ್ಲೂ ಒಂದು ಕಡೆ ಆರು ಬೆರಳಿದೆ. ಕೈ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಅಷ್ಟು ಗಂಭೀರ.

ಈಗ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಲ್ಲ, ಮಡಚಿ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ನನ್ನ ಕಥೆ ಯಾವಾಗಲೂ 12 ಪುಟಕ್ಕೆ ಮುಗಿಯುತ್ತಿತ್ತು. ಮುಖಪುಟ ಸೇರಿ 13. ಉಳಿದ ಮೂರು ಪುಟ ಖಾಲಿ. ಜೆರಾಕ್ಸಿಗೆ ಹೋಗುವ ಹಿಂದಿನ ರಾತ್ರಿ ಕೂತು ಏನೋ ಒಂದು ಗೀಚಿ ಆ ಮೂರು ಪುಟ ತುಂಬಿಸುತ್ತಿದ್ದೆ. ಪೆನ್ಸಿಲ್ ಇಲ್ಲ, ಅಳತೆ ಇಲ್ಲ, ನೇರ ಮಸಿಯಲ್ಲೇ. ಪೆನ್ನಿನ ಮುಚ್ಚಳ ಕಳೆದುಹೋದ ಕಥೆ ಒಂದರಲ್ಲಿ. ಇನ್ನೊಂದರಲ್ಲಿ ಜೆರಾಕ್ಸ್ ಯಂತ್ರದ ಮುಂದೆ ನಾನು ಕಾಯುತ್ತಾ ನಿಂತಿದ್ದೇನೆ, ಹಿಂದೆ ನಿಂತವರು "ಇದು ಯಾವ ಕ್ಲಾಸಿನ ಪ್ರಾಜೆಕ್ಟು?" ಅಂತ ಕೇಳುತ್ತಾರೆ, ನಾನು "ನಾಲ್ಕನೇ ಕ್ಲಾಸು" ಅನ್ನುತ್ತೇನೆ. ಆಗ ನನಗೆ ಇಪ್ಪತ್ತೆರಡು ವರ್ಷ.

ಈಗ ಓದಿದರೆ ಕೋಟಿನವನ ಕಥೆ ಒಂದು ಪುಟ ದಾಟುವುದೂ ಕಷ್ಟ. ಈ ಮೂರು ಮೂರು ಪುಟಗಳಲ್ಲಿ ಮಾತ್ರ ಇನ್ನೂ ಉಸಿರಿದೆ. ನನ್ನ ಕೈ ಅಲ್ಲಿದೆ. ಜೇಬಿನಲ್ಲಿ ಇಲ್ಲ.

ಎಲ್ಲ ಸೇರಿಸಿ ಒಂದೇ ಪುಸ್ತಕ ಮಾಡೋಣ ಅಂತ ಯೋಚನೆ. ಎರಡು ಪ್ರಶ್ನೆ. ಕೋಟಿನವನನ್ನು ಹೊಸದಾಗಿ ಬರೆಯಲಾ? ಅಥವಾ ಅವನನ್ನು ಬಿಟ್ಟು, ಈ ತುಂಬಿಸಿದ ಪುಟಗಳನ್ನು ಮಾತ್ರ ಹಾಕಲಾ?

ಇನ್ನೊಂದು ಸಣ್ಣ ಸಂಕಟ. 3ನೇ ಸಂಚಿಕೆಯ ಅಚ್ಚಾದ ಪ್ರತಿ ನನ್ನ ಹತ್ತಿರ ಒಂದೂ ಇಲ್ಲ. ಮೂಲ ಹಾಳೆಗಳಿವೆ. ಆಗ ಮಾತುಗಳನ್ನು ಬೇರೆ ಚೀಟಿಯಲ್ಲಿ ಬರೆದು ಗೋಂದಿನಲ್ಲಿ ಅಂಟಿಸುತ್ತಿದ್ದೆ. 12ನೇ ಪುಟದ ಕೊನೆಯ ಚೌಕದಲ್ಲಿ ಚೀಟಿ ಉದುರಿಹೋಗಿದೆ. ಕೋಟಿನವನು ಬಾಗಿಲಲ್ಲಿ ನಿಂತಿದ್ದಾನೆ, ತಲೆಯ ಮೇಲೆ ದೊಡ್ಡ ಗುಳ್ಳೆ, ಒಳಗೆ ಕಂದು ಬಣ್ಣದ ಗೋಂದಿನ ಕಲೆ. ಏನು ಹೇಳಿದ್ದ ಅಂತ ನೆನಪೇ ಇಲ್ಲ.

#2 · ಬೆನ್ನುಪಿನ್

ಮೊದಲು ಆ ಪ್ಲಾಸ್ಟಿಕ್ ಕವರುಗಳನ್ನೆಲ್ಲ ಬಿಸಾಡಿ. ಅದು ಪಿವಿಸಿ ಇರಬೇಕು. ಜೆರಾಕ್ಸಿನ ಕಪ್ಪು ಮಸಿಯಲ್ಲ, ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ ಪುಡಿ. ಪಿವಿಸಿಯನ್ನು ಮೆತ್ತಗೆ ಮಾಡಲು ಹಾಕುವ ಎಣ್ಣೆಯಂಥ ಪದಾರ್ಥ ಆ ಪುಡಿಯನ್ನೂ ಮೆತ್ತಗೆ ಮಾಡುತ್ತದೆ, ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿಗೆ ಈ ಕಾಯಿಲೆ ಇಲ್ಲ.

ತುಕ್ಕು ಹಿಡಿದ ಪಿನ್ನಿಗೆ ಪಿನ್ ಕೀಳುವ ಇಕ್ಕಳ ಹಾಕಬೇಡಿ. ಬೆನ್ನಿನಿಂದ ಎತ್ತಿದರೆ ಕಾಗದ ಹರಿಯುತ್ತದೆ. ನಡುಪುಟ ತೆರೆದು, ಒಳಗಡೆ ಮಡಚಿರುವ ಎರಡು ಕಾಲುಗಳನ್ನು ಮೊಂಡು ಚಾಕುವಿನ ತುದಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿ. ಆಮೇಲೆ ಹೊರಗಿನಿಂದ ಮೆಲ್ಲಗೆ ಎಳೆಯಿರಿ. ಮತ್ತೆ ಪಿನ್ ಹೊಡೆಯಬೇಡಿ, ಅದೇ ತೂತಿನಲ್ಲಿ ಹತ್ತಿಯ ದಾರ ಪೋಣಿಸಿ.

ಉಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ.

#3 · ಚೌಕದಾಚೆ

ಕೈ ಜೇಬಿನಲ್ಲಿ! ನನ್ನ ರಾಜಕುಮಾರನ ಕುದುರೆ ಐದು ಸಂಚಿಕೆ ಪೂರ್ತಿ ಮೊಣಕಾಲುದ್ದದ ಹುಲ್ಲಿನಲ್ಲೇ ಓಡಾಡಿತು. ಮರುಭೂಮಿಯಲ್ಲೂ ಹುಲ್ಲಿತ್ತು.

#4 · ಅರ್ಧಪುಟ

ಹೊಸದಾಗಿ ಬರೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಬರೆದವನಿಗೆ ತನ್ನ ಕೆಲಸ ತಿದ್ದುವ ಹಕ್ಕಿದೆ. ಟಿನ್‌ಟಿನ್ ಕಾಮಿಕ್ಸ್ ಬರೆದ ಎರ್ಜೆ ತಿದ್ದಿದ್ದಾನಲ್ಲ. ಬ್ರಿಟನ್ನಿನಲ್ಲಿ ನಡೆಯುವ ಕಪ್ಪು ದ್ವೀಪದ ಕಥೆ ಮೊದಲು 1937–38ರಲ್ಲಿ ಕಂತುಕಂತಾಗಿ ಬಂತು. ಬಣ್ಣದ ಪುಸ್ತಕ 1943ರಲ್ಲಿ. ಆಮೇಲೆ ಬ್ರಿಟಿಷ್ ಪ್ರಕಾಶಕರು, ನಮ್ಮ ದೇಶವನ್ನು ತಪ್ಪಾಗಿ ಬರೆದಿದ್ದೀರಿ ಅಂತ ಉದ್ದದ ಪಟ್ಟಿಯನ್ನೇ ಕೊಟ್ಟರು. ಎರ್ಜೆಯ ಸಹಾಯಕ ಬಾಬ್ ಡಿ ಮೋರ್ ಅಲ್ಲಿಗೇ ಹೋಗಿ ರೈಲು, ಪೊಲೀಸರ ಉಡುಪು ಎಲ್ಲ ನೋಡಿ ಬರೆದುಕೊಂಡು ಬಂದ. 1966ರಲ್ಲಿ ಪೂರ್ತಿ ಹೊಸ ಪುಸ್ತಕ. ಈಗ ನಾವು ಓದುವುದು ಅದನ್ನೇ.

ನಿಮ್ಮ ಆರು ಬೆರಳು ತಿದ್ದಿದರೆ ಯಾರಿಗೆ ನಷ್ಟ?

#5 · ಟೋನರ್‌ಧೂಳು

ಅರ್ಧಪುಟ ಅವರೇ, ಉದಾಹರಣೆ ಚೆನ್ನಾಗಿದೆ, ಆದರೆ ಅರ್ಧ ಹೇಳಿದಿರಿ. ಅದೇ ಎರ್ಜೆ ತನ್ನ ಮೊಟ್ಟಮೊದಲ ಟಿನ್‌ಟಿನ್ ಕಥೆಯನ್ನು, 1929ರಲ್ಲಿ ಶುರುವಾದ ಸೋವಿಯತ್ ನಾಡಿನ ಕಥೆಯನ್ನು, ತಿದ್ದಲು ಹೋಗಲೇ ಇಲ್ಲ. ಎಷ್ಟೋ ವರ್ಷ ಮರುಮುದ್ರಣವೂ ಇಲ್ಲ. 1973ರಲ್ಲಿ ಮತ್ತೆ ಬಂದಾಗ ಕಪ್ಪು ಬಿಳುಪಿನಲ್ಲಿ, ಇದ್ದ ಹಾಗೇ ಬಂತು. ಹಾಗಾಗಿ ಎರಡೂ ಕಡೆಗೆ ಅವನೇ ಸಾಕ್ಷಿ. ಅದೂ ಅಲ್ಲದೆ, 1966ರ ಪುಸ್ತಕ ಜಾಸ್ತಿ ಅಚ್ಚುಕಟ್ಟಾಯಿತು, ಹಳೆಯದರ ಗಾಳಿ ಇಲ್ಲ ಅನ್ನುವ ಓದುಗರೂ ಇದ್ದಾರೆ. ನಾನೂ ಅದೇ ಪಕ್ಷ.

ಮಸಿಕೈ ಅವರೇ, ನನಗೆ ಆ ಕೋಟಿನ ಬಗ್ಗೆ ಕುತೂಹಲ. ಕೋಟು ಪೂರ್ತಿ ಕಪ್ಪಾ, ಗೆರೆಗೆರೆಯಾ? ಯಾಕೆ ಕೇಳುತ್ತೇನೆ ಅಂದರೆ ಹಳೇ ಯಂತ್ರಗಳಿಗೆ ದೊಡ್ಡ ಕಪ್ಪು ಜಾಗ ಹಿಡಿಸುತ್ತಿರಲಿಲ್ಲ. ಜೆರಾಕ್ಸ್ ಕೆಲಸ ಮಾಡುವುದು ಸ್ಥಾಯಿ ವಿದ್ಯುತ್ತಿನಿಂದ. ಕಪ್ಪು ಜಾಗದ ಅಂಚಿನಲ್ಲಿ ಆ ಸೆಳೆತ ಜಾಸ್ತಿ, ನಡುವೆ ಕಡಿಮೆ. ಅದಕ್ಕೇ ಗೆರೆ, ಅಕ್ಷರ ಎಲ್ಲ ಗಟ್ಟಿಯಾಗಿ ಬರುತ್ತಿತ್ತು, ದೊಡ್ಡ ಕಪ್ಪಿನ ಹೊಟ್ಟೆ ಮಾತ್ರ ಬೂದಿಯ ಹಾಗೆ. ಇದು ಹುಟ್ಟಿನಿಂದ ಬಂದ ಗುಣ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಮೊದಲ ಸಲ ಈ ವಿಧಾನದಲ್ಲಿ ತೆಗೆದ ನಕಲಿನಲ್ಲಿ ಇದ್ದದ್ದು ದಿನಾಂಕ ಮತ್ತು ಊರಿನ ಹೆಸರು, ಬರೀ ಅಕ್ಷರ. 1959ರಲ್ಲಿ ಜೆರಾಕ್ಸ್ 914 ಬಂದದ್ದೂ ಕಚೇರಿಯ ಕಾಗದಪತ್ರಕ್ಕೆ. ಕೋಟು ಹಾಕಿದ ಪತ್ತೇದಾರರು ಬರುತ್ತಾರೆ ಅಂತ ಅವರು ಲೆಕ್ಕ ಹಾಕಿರಲಿಲ್ಲ.

#6 · ಮಸಿಕೈ

ಟೋನರ್‌ಧೂಳು ಅವರೇ, ನೀವು ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳುತ್ತಿದ್ದೀರಿ. 1ನೇ ಸಂಚಿಕೆಯಲ್ಲಿ ಕೋಟು ಪೂರ್ತಿ ಕಪ್ಪು. ಇಂಡಿಯನ್ ಇಂಕಿನಲ್ಲಿ ಮೂರು ಸಲ ಬಳಿದಿದ್ದೆ. ಯಂತ್ರದಿಂದ ಹೊರಗೆ ಬಂದಾಗ ಹೊಟ್ಟೆಯ ಜಾಗದಲ್ಲಿ ಬೂದು ಬಣ್ಣದ ತೂತು. ಯಾರೋ ಗುಂಡು ಹೊಡೆದ ಹಾಗೆ. ಅಳು ಬಂದಿತ್ತು. 2ನೇ ಸಂಚಿಕೆಯಿಂದ ಕೋಟನ್ನು ಅಡ್ಡಡ್ಡ ಸಣ್ಣ ಗೆರೆಗಳಲ್ಲಿ ತುಂಬಿಸಿದೆ. ಆಮೇಲೆ ಒಬ್ಬರು ಕಾಗದ ಬರೆದು, ಮಳೆ ಬಿದ್ದ ಹಾಗಿದೆ, ನಿಮ್ಮ ಶೈಲಿ ಬಹಳ ಚೆನ್ನಾಗಿದೆ ಅಂದರು. ನಾನು ಧನ್ಯವಾದ ಹೇಳಿ ಸುಮ್ಮನಾದೆ.

ಹೊಸದಾಗಿ ಬರೆಯುವ ವಿಷಯ. ನಿನ್ನೆ ಎರಡನ್ನೂ ಮಾಡಿ ನೋಡಿದೆ. ಕೋಟಿನವನ ಒಂದು ಪುಟ ಮತ್ತೆ ಬರೆದೆ. ಈಗ ಕೈ ಬರೆಯಲು ಬರುತ್ತದೆ, ಜೇಬಿನಿಂದ ಹೊರಗೆ ತೆಗೆದೆ. ಚೆನ್ನಾಗಿಯೇ ಬಂತು. ನಿಜ ಹೇಳಬೇಕು ಅಂದರೆ ಹಳೆಯದಕ್ಕಿಂತ ಎಷ್ಟೋ ಮೇಲು.

ಆಮೇಲೆ ಪೆನ್ನಿನ ಮುಚ್ಚಳದ ಪುಟ ತೆಗೆದುಕೊಂಡೆ. ಅದರಲ್ಲಿ ಒಂದು ಚೌಕ ಇದೆ. ನಾನು ಮೇಜಿನ ಕೆಳಗೆ ತಲೆ ತೂರಿಸಿದ್ದೇನೆ, ಹೊರಗೆ ಎರಡು ಪಾದ ಮಾತ್ರ ಕಾಣುತ್ತವೆ. ಎಡಪಾದ ಬಲಪಾದ ಅದಲುಬದಲಾಗಿದೆ. ಅದನ್ನು ಸರಿ ಮಾಡಿದೆ. ಮೇಜಿನ ಕಾಲುಗಳನ್ನು ನೆಟ್ಟಗೆ ಮಾಡಿದೆ. ನೋಡುತ್ತೇನೆ, ನಗು ಹೋಗಿದೆ. ಬರೀ ಒಬ್ಬ ಮನುಷ್ಯ ಮೇಜಿನ ಕೆಳಗೆ ಏನೋ ಹುಡುಕುತ್ತಿದ್ದಾನೆ. ಮತ್ತೆ ನಾಲ್ಕು ಸಲ ಬರೆದೆ. ಬರಲಿಲ್ಲ. ಆ ಗೆರೆ ನಿದ್ದೆಗಣ್ಣಿನಲ್ಲಿ ಎಳೆದದ್ದು, ಬೆಳಗ್ಗೆ ಎದ್ದು ಕಾಫಿ ಕುಡಿದು ಎಳೆದರೆ ಬರುವುದಿಲ್ಲ.

ಅಂದರೆ ಕೆಟ್ಟದ್ದನ್ನು ತಿದ್ದಬಹುದು, ಚೆನ್ನಾಗಿರುವುದನ್ನು ತಿದ್ದಲು ಆಗುವುದಿಲ್ಲ. ಹಾಗಾದರೆ ಕೆಟ್ಟದ್ದನ್ನು ಇಟ್ಟುಕೊಳ್ಳುವುದು ಯಾಕೆ ಅಂತ ಪ್ರಶ್ನೆ.

#7 · ಸಣ್ಣಗೆರೆ

ನೀವು ತುಂಬಿಸಿದ ಪುಟ, ಅಂದರೆ ಫಿಲ್ಲರ್, ಅನ್ನುತ್ತಿರುವುದನ್ನೇ ಜೀವನಪೂರ್ತಿ ಮಾಡಿಕೊಂಡು ಬಂದವರಿದ್ದಾರೆ. ಅಮೆರಿಕದ ಜಾನ್ ಪೋರ್ಸೆಲಿನೋ 1989ರಲ್ಲಿ 'ಕಿಂಗ್-ಕ್ಯಾಟ್' ಶುರು ಮಾಡಿದ. ಮಡಚಿ ಪಿನ್ ಹೊಡೆದ ಸಣ್ಣ ಪುಸ್ತಕ. ಒಳಗೆ ದಿನನಿತ್ಯದ ಚೂರುಪಾರು, ನಡೆದಾಡಿದ್ದು, ಬೆಕ್ಕು, ಹಳೇ ಕೆಲಸ. ನಾಲ್ಕು ಗೆರೆಯಲ್ಲಿ ಮುಗಿಯುವ ಚಿತ್ರ. ಎಲ್ಲೂ ಪತ್ತೇದಾರ ಇಲ್ಲ.

ನಿದ್ದೆಗಣ್ಣಿನ ಗೆರೆ ಅಂದಿರಲ್ಲ, ಅದಕ್ಕೂ ಒಂದು ಹೆಸರಿದೆ, '24 ಗಂಟೆಯ ಕಾಮಿಕ್ಸ್'. 1990ರಲ್ಲಿ ಅಮೆರಿಕದ ಕಾಮಿಕ್ಸ್ ಬರೆಯುವ ಸ್ಕಾಟ್ ಮೆಕ್ಲೌಡ್ ಒಂದು ಪಂದ್ಯ ಕಟ್ಟಿದ. 24 ಗಂಟೆಯಲ್ಲಿ 24 ಪುಟ, ಮೊದಲೇ ಏನೂ ಬರೆದಿಟ್ಟುಕೊಂಡಿರಬಾರದು. ಅವನ ಗೆಳೆಯ ಬರೆಯುವುದು ತುಂಬಾ ನಿಧಾನ ಅಂತ ಶುರುವಾದ ಆಟ ಅದು. ನಾನೂ ಒಂದು ಸಲ ಮಾಡಿದ್ದೇನೆ. ಹದಿನೇಳನೇ ಗಂಟೆಯ ಹೊತ್ತಿಗೆ, ಚೆನ್ನಾಗಿ ಬರೆಯಬೇಕು ಅನ್ನುವ ಆಸೆ ಸತ್ತುಹೋಗುತ್ತದೆ. ಅಲ್ಲಿಂದ ಮುಂದಿನ ಪುಟಗಳೇ ಚೆನ್ನಾಗಿದ್ದವು. ಹತ್ತೊಂಬತ್ತಕ್ಕೆ ಮಲಗಿಬಿಟ್ಟೆ, ಅದು ಬೇರೆ ಮಾತು.

ನನ್ನ ಓಟು ಫಿಲ್ಲರ್ ಪುಸ್ತಕಕ್ಕೆ. ಕೋಟಿನವನನ್ನು ಬಿಡಿ.

#8 · ಚೌಕದಾಚೆ

ನಾವೆಲ್ಲ ಕೋಟಿನವನನ್ನು ಬರೆದದ್ದು ಯಾಕೆ ಅಂತ ನನಗೆ ಗೊತ್ತು. 1984ರಲ್ಲಿ ಇಬ್ಬರು ಗೆಳೆಯರು, ಈಸ್ಟ್‌ಮನ್ ಮತ್ತು ಲೇರ್ಡ್, ತಾವೇ ದುಡ್ಡು ಹೊಂದಿಸಿ ಕಪ್ಪು ಬಿಳುಪು ಕಾಮಿಕ್ಸ್ ಅಚ್ಚು ಹಾಕಿದರು. ಸುಮಾರು 3,000 ಪ್ರತಿ. 'ನಿಂಜಾ ಟರ್ಟಲ್ಸ್', ನಾಲ್ಕು ಆಮೆಗಳು ಆಯುಧ ಹಿಡಿದು ಹೊಡೆದಾಡುವ ಕಥೆ. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಆ ಸುದ್ದಿ ಕೇಳಿದ ಪ್ರತಿಯೊಬ್ಬನೂ ತನ್ನ ಆಮೆ ಹುಡುಕಿಕೊಂಡು ಹೊರಟ. ನನ್ನದು ಹುಲ್ಲಿನಲ್ಲಿ ಕಾಲು ಹುದುಗಿಸಿಕೊಂಡ ಕುದುರೆ.

ಅದೇ ಲೇರ್ಡ್ ಆಮೆಯ ದುಡ್ಡಿನಲ್ಲಿ 1992ರಲ್ಲಿ ಜೆರಿಕ್ ಅಂತ ಒಂದು ಪ್ರತಿಷ್ಠಾನ ಕಟ್ಟಿ, ಸ್ವಂತವಾಗಿ ಕಾಮಿಕ್ಸ್ ಹೊರತರುವವರಿಗೆ 2012ರವರೆಗೆ ಸಹಾಯಧನ ಕೊಟ್ಟ. ಅದು ನನಗೆ ಆಮೆಗಿಂತ ಇಷ್ಟವಾದ ಸಂಗತಿ.

#9 · ಟೋನರ್‌ಧೂಳು

ಪುಸ್ತಕ ಮಾಡುವುದಾದರೆ ಸ್ಕ್ಯಾನ್ ಬಗ್ಗೆ. ಮೂಲ ಹಾಳೆ ಇದ್ದರೆ ಅದನ್ನೇ ಬಳಸಿ, 600 ಡಿಪಿಐಗೆ ಕಡಿಮೆ ಬೇಡ. ಕಲರ್‌ನಲ್ಲಿ ಸ್ಕ್ಯಾನ್ ಮಾಡಿ. ಕಪ್ಪು ಬಿಳುಪು ಚಿತ್ರಕ್ಕೆ ಕಲರ್ ಯಾಕೆ ಅಂತೀರಾ? ತಿಳಿನೀಲಿ ಪೆನ್ಸಿಲ್ಲಿನಲ್ಲಿ ಮೊದಲು ಬರೆದುಕೊಂಡಿರುತ್ತೀರಿ. ಜೆರಾಕ್ಸ್ ಕಣ್ಣಿಗೆ ಅದು ಬೀಳುತ್ತಿರಲಿಲ್ಲ, ಸ್ಕ್ಯಾನರ್ ಕಣ್ಣಿಗೆ ಬೀಳುತ್ತದೆ. ಕಲರ್ ಸ್ಕ್ಯಾನಿನಲ್ಲಿ ನೀಲಿ ಚಾನೆಲ್ ಒಂದನ್ನೇ ತೆಗೆದುಕೊಂಡರೆ ನೀಲಿ ಗೆರೆ ಬಿಳಿಯಲ್ಲಿ ಕರಗಿಹೋಗುತ್ತದೆ.

ಇಂಡಿಯನ್ ಇಂಕ್ ಇಂಗಾಲದ ಮಸಿ, ಮಾಸುವುದಿಲ್ಲ. ಸ್ಕೆಚ್ ಪೆನ್ನಿನಲ್ಲಿ ಬರೆದದ್ದಿದ್ದರೆ ಮೊದಲು ಅದನ್ನು ಸ್ಕ್ಯಾನ್ ಮಾಡಿ, ಅದಕ್ಕೆ ಆಯುಸ್ಸು ಕಡಿಮೆ.

#10 · ಮಸಿಕೈ

ಮುಖಪುಟಗಳೆಲ್ಲ ಸ್ಕೆಚ್ ಪೆನ್ನು. ಕಪ್ಪು ಇದ್ದದ್ದು ಈಗ ನೇರಳೆ ಹಣ್ಣಿನ ಕಲೆಯ ಹಾಗಾಗಿದೆ. ನಾಳೆಯೇ ಕೂರುತ್ತೇನೆ.

ಸ್ಕ್ಯಾನ್ ಮಾಡುವಾಗ ಇನ್ನೊಂದು ತಮಾಷೆ ಸಿಕ್ಕಿತು. ನಾನು ಎ4ನಲ್ಲಿ ಬರೆದು ಎ5ಕ್ಕೆ ಇಳಿಸುತ್ತಿದ್ದೆ, ಯಂತ್ರದ ಮೇಲೆ 71% ಅಂತ ಗುಂಡಿ ಇರುತ್ತಿತ್ತಲ್ಲ, ಅದು. ಇಳಿಸಿದಾಗ ಒತ್ತಕ್ಷರಗಳು ಮುಚ್ಚಿಕೊಳ್ಳುತ್ತಿದ್ದವು. 'ರಾಷ್ಟ್ರ' ಅಂತ ಬರೆದರೆ ಷ್ಟ್ರ ಒಂದು ಇರುವೆಯ ಹಾಗೆ ಕಾಣುತ್ತಿತ್ತು. ಅದಕ್ಕೆ ಕ್ರಮೇಣ ಒತ್ತಕ್ಷರ ಕಡಿಮೆ ಇರುವ ಪದಗಳನ್ನೇ ಹುಡುಕತೊಡಗಿದೆ. 1ನೇ ಸಂಚಿಕೆಯಲ್ಲಿ ಕೋಟಿನವನು "ಸಾಕ್ಷ್ಯಾಧಾರಗಳು ಸ್ಪಷ್ಟವಾಗಿವೆ" ಅನ್ನುತ್ತಾನೆ. 6ರ ಹೊತ್ತಿಗೆ "ನೀನೇ ತಾನೇ?" ಅನ್ನುತ್ತಾನೆ. ಮಾತು ಸುಧಾರಿಸಿದ್ದು ನನ್ನಿಂದಲ್ಲ, ಆ ಗುಂಡಿಯಿಂದ.

10ನೇ ಸಂಚಿಕೆ ಕೂಡ ಇತ್ತು, ಹೇಳಲು ಮರೆತೆ. ಅಕ್ಷರ ಪೂರ್ತಿ ಕಂಪ್ಯೂಟರಿನಲ್ಲಿ ಜೋಡಿಸಿದ್ದೆ. ಯೂನಿಕೋಡ್ ಅಲ್ಲದ ಯಾವುದೋ ಫಾಂಟು. ಈಗ ಫೈಲ್ ತೆರೆದರೆ ಕೋಟಿನವನು ಬೇರೆ ಗ್ರಹದ ಭಾಷೆ ಮಾತಾಡುತ್ತಾನೆ. ಅದು ಅಚ್ಚಾಗಲೂ ಇಲ್ಲ.

#11 · ಹಳೇಓದುಗ

ಇಲ್ಲಿ ಸಾಮಾನ್ಯವಾಗಿ ಓದಿ ಸುಮ್ಮನಾಗುತ್ತೇನೆ. ಈ ಸಲ ಬರೆಯಲೇಬೇಕಾಯಿತು. ಮಳೆ ಬಿದ್ದ ಹಾಗಿದೆ ಅಂತ ಕಾಗದ ಬರೆದವನು ನಾನೇ.

ನನ್ನ ಹತ್ತಿರ 2, 3, 4 ಮತ್ತು 7 ಇವೆ. ಅಂಚೆಯಲ್ಲಿ ಅದಲುಬದಲು ಮಾಡಿಕೊಂಡಿದ್ದೆವು, ನಾನೂ ಆಗ ಒಂದು ಪುಟ್ಟ ಪತ್ರಿಕೆ ಮಾಡುತ್ತಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ.

3ನೆಯದರ ಬಗ್ಗೆ ಇಷ್ಟು ವರ್ಷ ಒಂದು ಪ್ರಶ್ನೆ ಕೇಳಬೇಕು ಅಂತ ಇತ್ತು. ಕೋಟಿನವನು ಮೆಟ್ಟಿಲಿನಿಂದ ಬಿದ್ದು ಸೋತುಹೋಗುವುದು 5 ಮತ್ತು 6ನೇ ಪುಟದಲ್ಲಿ. ಆಮೇಲೆ 7ರಲ್ಲಿ ಅವನು ಆರಾಮಾಗಿ ಬೀದಿಯಲ್ಲಿ ನಡೆಯುತ್ತಿದ್ದಾನೆ. ಕೊನೆ ಹೊತ್ತಿಗೆ, 11 ಮತ್ತು 12ರಲ್ಲಿ, ಅವನಿಗೆ ಮೊದಲ ಸುಳಿವು ಸಿಗುತ್ತದೆ. ಸೋಲನ್ನು ಮೊದಲೇ ತೋರಿಸಿ, ಆಮೇಲೆ ಅವನು ಏನೂ ಗೊತ್ತಿಲ್ಲದೆ ಅದೇ ಮೆಟ್ಟಿಲಿನ ಕಡೆ ಹೋಗುವುದನ್ನು ತೋರಿಸುತ್ತೀರಿ. ನನಗೆ ಮೈ ಜುಮ್ಮೆಂದಿತ್ತು. ಆ ಉಪಾಯ ಎಲ್ಲಿಂದ ಹೊಳೆಯಿತು?

#12 · ಬೆನ್ನುಪಿನ್

ಅಯ್ಯೋ.

16 ಪುಟ ಅಂದರೆ ನಾಲ್ಕು ಹಾಳೆ. ಒಂದೇ ಮಗ್ಗುಲಲ್ಲಿ ಬರುವ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 17. ಮೂರನೇ ಹಾಳೆಯ ಹೊರಗೆ 12 ಮತ್ತು 5, ಒಳಗೆ 6 ಮತ್ತು 11. ಆ ಹಾಳೆಯನ್ನು ಒಳಗಿನದು ಹೊರಗೆ ಮಾಡಿ ಮಡಚಿದರೆ 5, 6 ಇರಬೇಕಾದ ಕಡೆ 11, 12 ಬರುತ್ತದೆ. 11, 12 ಇರಬೇಕಾದ ಕಡೆ 5, 6.

ಉಪಾಯ ಅಲ್ಲಿಂದ ಹೊಳೆದಿದೆ.

#13 · ಮಸಿಕೈ

ಬೆನ್ನುಪಿನ್ ಅವರು ಸರಿಯಾಗಿಯೇ ಹಿಡಿದರು. ಆ ರಾತ್ರಿ ಹಾಳೆ ಜೋಡಿಸುವಾಗ ಒಂದು ಕಟ್ಟು ಪೂರ್ತಿ ತಿರುಗುಮುರುಗಾಗಿತ್ತು. ಇಪ್ಪತ್ತು ಪ್ರತಿ ಆದ ಮೇಲೆ ಗೊತ್ತಾಯಿತು. ಉಳಿದ ನಲವತ್ತು ಸರಿಯಾಗಿವೆ. ಆ ಇಪ್ಪತ್ತನ್ನು ಬಿಸಾಡಲು ಮನಸ್ಸಾಗಲಿಲ್ಲ, ದೂರದವರಿಗೆ ಕಳಿಸಿಬಿಟ್ಟೆ. ದೂರದವರು ಜಗಳಕ್ಕೆ ಬರುವುದಿಲ್ಲ ಅಂತ. ಕ್ಷಮಿಸಿ.

ಹಳೇಓದುಗ ಅವರೇ, ನಿಮ್ಮ ಪತ್ರಿಕೆ ನೆನಪಿದೆ. ಮುಖಪುಟದ ಮೇಲೆ ಆಲೂಗಡ್ಡೆ ಕೊರೆದು ಅಚ್ಚು ಒತ್ತುತ್ತಿದ್ದಿರಿ, ಪ್ರತಿ ಪ್ರತಿಗೂ ಬೇರೆ ಬಣ್ಣ. ನನ್ನ ಡಬ್ಬದಲ್ಲಿ ಹಸಿರು ಬಣ್ಣದ್ದು ಒಂದಿದೆ.

ಒಂದು ಕೇಳಲಾ? ಕೊನೆಯ ಮೂರು ಪುಟ, ಆ ಜೆರಾಕ್ಸ್ ಯಂತ್ರದ ಮುಂದೆ ಕಾಯುವ ಕಥೆ. ಅದು ಹೇಗನಿಸಿತ್ತು?

#14 · ಹಳೇಓದುಗ

ಅದು 3ರಲ್ಲೇ ಇದೆಯಾ? ತೆಗೆದು ನೋಡಿದೆ, ಹೌದು ಇದೆ. ನಿಜ ಹೇಳಬೇಕು ಅಂದರೆ ನನಗೆ ನೆನಪೇ ಇರಲಿಲ್ಲ. ಈಗ ಓದಿದೆ, ಚೆನ್ನಾಗಿದೆ, ನಗು ಬಂತು. ಆದರೆ ಆಗ ನಾನು ಓದುತ್ತಿದ್ದದ್ದು ಕೋಟಿನವನಿಗೋಸ್ಕರ. ಮುಂದಿನ ಸಂಚಿಕೆಯ ಲಕೋಟೆ ಬಂದಾಗ ಅಂಚೆಯವರ ಮುಂದೆಯೇ ಹರಿದು ತೆರೆಯುತ್ತಿದ್ದೆ. ಅವನ ಕೈ ಜೇಬಿನಲ್ಲಿ ಇರುತ್ತಿತ್ತು ಅನ್ನುವುದು ನಿಮ್ಮ ಈ ಬರಹ ಓದಿದ ಮೇಲೆಯೇ ಗೊತ್ತಾದದ್ದು. ಅವನು ಏನನ್ನೋ ಹಿಡಿದುಕೊಂಡಿದ್ದಾನೆ, ತೋರಿಸುತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ಏನದು ಅಂತ ಗೊತ್ತಾಗಲಿ ಅಂತಲೇ 7ರವರೆಗೆ ಓದಿದೆ.

ಅವನನ್ನು ಬಿಟ್ಟು ಪುಸ್ತಕ ಮಾಡಿದರೆ ನನಗೆ ಬೇಡ. ಹೀಗೆ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

#15 · ಸಣ್ಣಗೆರೆ

ಸರಿ, ನನ್ನ ಓಟು ವಾಪಸ್ ತೆಗೆದುಕೊಳ್ಳುತ್ತೇನೆ.

#16 · ಅರ್ಧಪುಟ

ನಾನು ತೆಗೆದುಕೊಳ್ಳುವುದಿಲ್ಲ. ಆರನೇ ಬೆರಳು ತಿದ್ದಿ.

#17 · ಮಸಿಕೈ

ಎರಡು ದಿನ ಸುಮ್ಮನಿದ್ದೆ. ಹಳೇಓದುಗ ಅವರ ಮಾತು ಮೊದಲು ಸ್ವಲ್ಪ ಚುಚ್ಚಿತು, ಆಮೇಲೆ ಯಾಕೋ ಹಗುರವಾಯಿತು. ಆ ಮೂರು ಪುಟಗಳಲ್ಲಿ ನಾನಿದ್ದೇನೆ, ಅದಕ್ಕೇ ನನಗೆ ಇಷ್ಟ. ಓದುವವರಿಗೆ ನಾನು ಯಾಕೆ ಬೇಕು?

ಹಾಗಾಗಿ ಒಂಬತ್ತೂ ಸಂಚಿಕೆ ಇದ್ದ ಹಾಗೇ, ಇದ್ದ ಕ್ರಮದಲ್ಲೇ ಹಾಕುತ್ತೇನೆ. ತುಂಬಿಸಿದ ಪುಟಗಳು ತಮ್ಮ ಜಾಗದಲ್ಲೇ, ಕಥೆಯ ಹಿಂದೆಯೇ. ಹೊಸದಾಗಿ ಬರೆದ ಆ ಒಂದು ಪುಟ ಡಬ್ಬಕ್ಕೆ ಹಾಕಿದೆ. ಆರನೇ ಬೆರಳು ಇರುತ್ತದೆ, ಅರ್ಧಪುಟ ಅವರು ಕ್ಷಮಿಸಬೇಕು. 3ನೇ ಸಂಚಿಕೆಯನ್ನು ಯಾವ ಕ್ರಮದಲ್ಲಿ ಹಾಕಲಿ ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಇಪ್ಪತ್ತು ಜನ ಒಂದು ಥರ ಓದಿದ್ದಾರೆ, ನಲವತ್ತು ಜನ ಇನ್ನೊಂದು ಥರ.

ಹಳೇಓದುಗ ಅವರೇ, ಕೊನೆಯದಾಗಿ ಒಂದು ಉಪಕಾರ. ನಿಮ್ಮ ಪ್ರತಿಯಲ್ಲಿ ಮೆಟ್ಟಿಲಿನಿಂದ ಬಿದ್ದಾದ ಮೇಲೆ, ನಿಮ್ಮ ಲೆಕ್ಕದಲ್ಲಿ 6ನೇ ಪುಟ, ಕೊನೆಯ ಚೌಕ. ಬಾಗಿಲಲ್ಲಿ ನಿಂತು ಅವನು ಏನು ಹೇಳುತ್ತಾನೆ? ಇಲ್ಲಿ ಕೂತು ನಾನೇ ಏನೇನೋ ಊಹಿಸಿದ್ದೇನೆ. ಸಾವು, ನ್ಯಾಯ, ಕತ್ತಲೆ, ಏನೋ ಒಂದು ಭಾರಿ ಮಾತು ಇರಬೇಕು. ಗುಳ್ಳೆ ಅಷ್ಟು ದೊಡ್ಡದಿದೆ.

#18 · ಹಳೇಓದುಗ

ನೋಡಿ ಹೇಳುತ್ತಿದ್ದೇನೆ. "ಸರಿ, ನಾಳೆ ನೋಡೋಣ."

#19 · ಮಸಿಕೈ

ಅಷ್ಟೇನಾ?

#20 · ಹಳೇಓದುಗ

ಅಷ್ಟೇ. ಅಕ್ಷರ ದೊಡ್ಡದಾಗಿ ಬರೆದಿದ್ದೀರಿ.